ಮಗಳನ್ನು ಉಡುಪಿಗೆ ಕಳಿಸಲೇ?

ಪ್ರಶ್ನೆ: ಶಹಾಪುರ ತಾಲ್ಲೂಕಿನ ಹಳ್ಳಿಯವಳು. ಮಗಳು ಜೂನ್‌ಗೆ ಐದನೇ ತರಗತಿ. ನಮ್ಮೂರ ಸರ್ಕಾರಿ ಕನ್ನಡ ಶಾಲೆಯಲ್ಲಿ ಐದು ತರಗತಿಗೂ ಸೇರಿ ಇಬ್ಬರೇ ಮಾಸ್ತರರು. ಉಡುಪಿಯಲ್ಲಿರುವ ನಾದಿನಿ, ‘ಈ ವರ್ಷವೇ ಕಳಿಸಿ, ನಮ್ಮ ಮನೆಯಲ್ಲಿಟ್ಟುಕೊಂಡು ಇಂಗ್ಲಿಷ್ ಮೀಡಿಯಂಗೆ ಹಾಕುತ್ತೇನೆ’ ಅನ್ನುತ್ತಾರೆ. ಯಜಮಾನರು ಒಪ್ಪಿದ್ದಾರೆ. ನನಗೆ ಮನಸ್ಸಿಲ್ಲ. ಆದರೆ ನನ್ನ ಕರುಳಿನ ಸಂಕಟಕ್ಕೆ ಅವಳ ಓದು ಹಾಳಾದರೆ?

ಉತ್ತರ: ಈ ವರ್ಷ ಕಳಿಸಬೇಡಿ. ಕರುಳನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕಿದರೂ ಉತ್ತರ ಅದೇ.

ಯಜಮಾನರ ಆತಂಕಕ್ಕೆ ಕಾರಣವಿದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ 94 ಪಡೆದು ಮೊದಲು, ನಿಮ್ಮ ಯಾದಗಿರಿ ಶೇ 50.59ಕ್ಕೆ ಕೊನೆ. ಆದರೆ ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ತಪ್ಪಿಸಿದವರು, ಅಪ್ಪ-ಅಮ್ಮನ ಜೊತೆ ಗುಳೆ ಹೋದವರು ಎಲ್ಲರ ನಷ್ಟವೂ ಆ ಅಂಕಿಯೊಳಗಿದೆ. ನಿಮ್ಮ ಮಗಳಿಗೆ ಏನು ಬರುತ್ತದೆ ಎಂಬುದನ್ನು ಅದು ಹೇಳದು. ಇವತ್ತು ಸಂಜೆ 624ನ್ನು 6ರಿಂದ ಭಾಗಿಸಲು ಕೊಡಿ. 104 ಬಂತೋ, ನಿಶ್ಚಿಂತೆ. 14 ಎಂದು ಬರೆದರೆ ನಡುವಿನ ಸೊನ್ನೆ ನುಂಗಿದ್ದಾಳೆ, ಸ್ಥಾನಬೆಲೆ ಗಟ್ಟಿಯಾಗಿಲ್ಲ. ಈ ಕೊರತೆ ಉಡುಪಿಗೆ ಹೋದರೂ ಜೊತೆಗೇ ಬರುತ್ತದೆ. ಅಲ್ಲಿ ಎಲ್ಲರೂ ‘ಇಂಗ್ಲಿಷ್ ಬರಲ್ಲ, ಅದಕ್ಕೇ’ ಅಂದುಕೊಳ್ಳುತ್ತಾರೆ, ಮೂಲ ತಪ್ಪು ಹಾಗೇ ಉಳಿಯುತ್ತದೆ.

ಇನ್ನು ನವೋದಯ, ಅಂದರೆ ಜಿಲ್ಲೆಗೊಂದರಂತೆ ಇರುವ ಕೇಂದ್ರ ಸರ್ಕಾರದ ವಸತಿ ಶಾಲೆ. ಆರನೇ ತರಗತಿಗೆ ಸುಮಾರು 80 ಸೀಟು. ಕನಿಷ್ಠ ಶೇ 75 ಗ್ರಾಮೀಣರಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಗ್ರಾಮೀಣ ಕೋಟಾಕ್ಕೆ 3, 4, 5ನೇ ತರಗತಿ ಮೂರನ್ನೂ ಹಳ್ಳಿಯಲ್ಲೇ ಓದಿರಬೇಕು. ಐದನೆಯದನ್ನು ಯಾವ ಜಿಲ್ಲೆಯಲ್ಲಿ ಓದುತ್ತಾಳೋ ಅಲ್ಲಿನ ನವೋದಯಕ್ಕಷ್ಟೇ ಅರ್ಜಿ, ಅದೂ ಒಂದೇ ಸಲ. ಜೂನ್‌ನಲ್ಲಿ ಉಡುಪಿ ಶಾಲೆಗೆ ಸೇರಿಸಿದಿರೋ, ಯಾದಗಿರಿಯ ಬಾಗಿಲು ಅಂದೇ ಮುಚ್ಚಿತು. ಪರೀಕ್ಷೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ, ಕನ್ನಡದಲ್ಲೇ ಬರೆಯಬಹುದು. ಅದರಲ್ಲಿ 40 ಪ್ರಶ್ನೆ, ಅಂದರೆ 50 ಅಂಕ, ಆಕೃತಿಗಳನ್ನು ನೋಡಿ ಗುರುತಿಸುವ ಮಾನಸಿಕ ಸಾಮರ್ಥ್ಯದ್ದು. ಮಾಸ್ತರರು ಎಷ್ಟು ಮಂದಿ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ದಿನಕ್ಕೆ ಅರ್ಧ ಗಂಟೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದರೆ ಕೈ ಕುದುರುತ್ತದೆ. ಅರ್ಜಿ ಮಳೆಗಾಲದಲ್ಲೇ ಬರುತ್ತದೆ, ಆಧಾರ್‌ನಲ್ಲೂ ಶಾಲಾ ದಾಖಲೆಯಲ್ಲೂ ಹೆಸರು ಒಂದೇ ಥರ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಯನ್ನೂ ಬರೆಸಿ.

ಮನೆಯಲ್ಲಿ ಯಾರೂ ಎತ್ತಿರದ ಇನ್ನೊಂದು ಮಾತು. ಎಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸ್‌ಗಳಿಗೆ ಸೀಟು ಕೊಡುವ ಸಿಇಟಿಯಲ್ಲಿ ಶೇ 15 ಗ್ರಾಮೀಣ ಮೀಸಲಾತಿ, ಶೇ 5 ಕನ್ನಡ ಮಾಧ್ಯಮದ ಮೀಸಲಾತಿ ಇದೆ. ಎರಡಕ್ಕೂ 1ರಿಂದ 10ರವರೆಗೆ ಪೂರ್ತಿ ಹತ್ತು ವರ್ಷ ಬೇಕು. ಪೇಟೆಯ ಇಂಗ್ಲಿಷ್ ಶಾಲೆಯಲ್ಲಿ ಒಂದು ವರ್ಷ ಓದಿದರೂ ಎರಡೂ ಹೋದವು. ಕಲ್ಯಾಣ ಕರ್ನಾಟಕದವರಿಗೆ ಇರುವ 371(ಜೆ) ಮೀಸಲಾತಿ ಮಾತ್ರ ಹೋಗುವುದಿಲ್ಲ. ಮಗಳು ಹುಟ್ಟಿದ್ದು ನಿಮ್ಮ ಜಿಲ್ಲೆಯಲ್ಲೇ ಆಗಿದ್ದರೆ ಎಲ್ಲಿ ಓದಿದರೂ ಅರ್ಹತೆ ಉಳಿಯುತ್ತದೆ. ಒಳ್ಳೆಯ ಶಾಲೆಗಾಗಿ ಮೀಸಲಾತಿ ಬಿಡುವುದು ತಪ್ಪೇನಲ್ಲ. ಗೊತ್ತಿದ್ದು ಬಿಡಿ, ಅಷ್ಟೇ.

ಊರ ಶಾಲೆಗೆ ದಾಖಲಾದ ಮಕ್ಕಳನ್ನೂ ಎಣಿಸಿ. 60 ಮಕ್ಕಳವರೆಗೆ ಇಬ್ಬರೇ ಎನ್ನುವುದು ನಿಯಮ. 60 ದಾಟಿದ್ದರೆ ಮೂರನೆಯವರು ಬರಲೇಬೇಕು. ಎಸ್‌ಡಿಎಂಸಿಯಿಂದ (ಶಾಲಾಭಿವೃದ್ಧಿ ಸಮಿತಿ) ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಲಿಖಿತ ಅರ್ಜಿ ಕೊಡಿಸಿ, ಸ್ವೀಕೃತಿ ಪಡೆಯಿರಿ.

ಆರನೆಯದಕ್ಕೆ ಎಲ್ಲೂ ಸೀಟು ಸಿಗದಿದ್ದರೆ ಉಡುಪಿ ಯೋಚಿಸಬಹುದು. ರಾಜ್ಯ ಪಠ್ಯಕ್ರಮದ ಶಾಲೆಯನ್ನೇ ಹುಡುಕಿ. ಗಣಿತ, ವಿಜ್ಞಾನದ ಪಾಠ ಎರಡೂ ಮಾಧ್ಯಮಕ್ಕೆ ಒಂದೇ. ಎರಡು ಪುಸ್ತಕ ಪಕ್ಕಪಕ್ಕ ಇಟ್ಟರೆ ಇಲ್ಲಿ ಲ.ಸಾ.ಅ. ಎಂದಿರುವುದು ಅಲ್ಲಿ ಎಲ್‌ಸಿಎಂ ಎಂದಿರುತ್ತದೆ. ಬೇಸಿಗೆ ರಜೆಯಲ್ಲಿ ದಿನಕ್ಕೆ ಹತ್ತು ಪದ ಸಾಕು.

ಅದಕ್ಕೂ ಮೊದಲು ಆ ರಜೆಯಲ್ಲೇ ಹದಿನೈದು ದಿನ ನಾದಿನಿಯ ಮನೆಯಲ್ಲಿ ಬಿಟ್ಟು ನೋಡಿ. ಬೆಳಿಗ್ಗೆ ಜಡೆ ಯಾರು ಹಾಕುತ್ತಾರೆ, ಜ್ವರ ಬಂದರೆ ಯಾರು ರಜೆ ಹಾಕುತ್ತಾರೆ, ಮುಟ್ಟು ಶುರುವಾದರೆ ಅವಳು ಯಾರ ಹತ್ತಿರ ಹೇಳಿಕೊಳ್ಳಬೇಕು, ತಿಂಗಳ ಖರ್ಚಿಗೆ ನೀವೆಷ್ಟು ಕಳಿಸಬೇಕು: ಇಷ್ಟನ್ನೂ ಯಜಮಾನರ ಎದುರಿಗೇ ನಾದಿನಿಯನ್ನು ಕೇಳಿ.