ಹಳೆಯ ಕನ್ಸೋಲಿಗೆ ಅಗ್ಗದ ಮೆಮೊರಿ ಕಾರ್ಡ್: ನಂಬಬಹುದೇ?

ಈ ಬಾರಿ ಓದುಗರಿಂದ ಬಂದ ಪತ್ರಗಳಲ್ಲಿ ಹಳೆಯ ಗೇಮ್ ಕನ್ಸೋಲ್‌ಗಳ ಮೆಮೊರಿ ಕಾರ್ಡುಗಳನ್ನು ಕುರಿತವೇ ಹೆಚ್ಚಾಗಿದ್ದುದರಿಂದ, ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡು ಇಲ್ಲಿ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಬಳಿ ಪ್ಲೇಸ್ಟೇಷನ್ 2ರ ಸ್ಲಿಮ್ ಮಾದರಿ ಇದೆ. ಸೋನಿಯ 8 ಎಂ.ಬಿ. ಕಾರ್ಡ್ ತುಂಬಿಹೋಯಿತೆಂದು ಆನ್‌ಲೈನಿನಲ್ಲಿ ಬೇರೆ ಕಂಪನಿಯ 64 ಎಂ.ಬಿ. ಕಾರ್ಡನ್ನು ಕಡಿಮೆ ಬೆಲೆಗೆ ತರಿಸಿಕೊಂಡೆ. ಕೆಲವು ತಿಂಗಳು ಸರಿಯಾಗಿಯೇ ಇತ್ತು. ಈಗ ಒಮ್ಮೊಮ್ಮೆ ‘ಕಾರ್ಡ್ ಫಾರ್ಮ್ಯಾಟ್ ಆಗಿಲ್ಲ’ ಎಂಬ ಸಂದೇಶ ಬರುತ್ತದೆ. ತೆಗೆದು ಮತ್ತೆ ಹಾಕಿದರೆ ಸೇವ್‌ಗಳೆಲ್ಲ (ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದೆ ಎಂಬ ದಾಖಲೆಗಳು) ಕಾಣಿಸುತ್ತವೆ. ಇದನ್ನೇ ಬಳಸಲೇ, ಅಥವಾ ಹಣ ಹೆಚ್ಚಾದರೂ ಹಳೆಯ ಅಸಲಿ ಕಾರ್ಡನ್ನೇ ಹುಡುಕಲೇ? – ಓದುಗರು, ಮೈಸೂರು

ಉತ್ತರ: ಮೊದಲು ತುರ್ತಿನ ಮಾತು. ಆ ಸಂದೇಶದ ಬೆನ್ನಲ್ಲೇ ‘ಈಗ ಫಾರ್ಮ್ಯಾಟ್ ಮಾಡಲೇ?’ ಎಂದು ಕನ್ಸೋಲ್ ಕೇಳುತ್ತದೆ. ಯಾವ ಕಾರಣಕ್ಕೂ ಒಪ್ಪಿಗೆ ಕೊಡಬೇಡಿ. ಸೇವ್‌ಗಳು ಕಾಣಿಸುತ್ತಿರುವಾಗಲೇ, ಇಂದೇ, ಮುಖ್ಯವಾದವನ್ನು ಇನ್ನೊಂದು ಸ್ಲಾಟಿನಲ್ಲಿರುವ ಸೋನಿ ಕಾರ್ಡಿಗೆ ನಕಲು ಮಾಡಿಕೊಳ್ಳಿ. ಜಾಗ ಸಾಲದಿದ್ದರೆ ಆ ಕಾರ್ಡಿನಲ್ಲಿ ಬೇಡವಾದದ್ದನ್ನು ಅಳಿಸಿ.

ಈ ಸಂದೇಶ ಏಕೆ ಬರುತ್ತದೆಂದು ತಿಳಿದರೆ ಕಾರ್ಡಿನ ಗುಣವೂ ಅರ್ಥವಾಗುತ್ತದೆ. ಪಿಎಸ್2 (ಪ್ಲೇಸ್ಟೇಷನ್ 2) ಕಾರ್ಡಿನ ಜಾಗ ‘ಪುಟ’ಗಳೆಂಬ ಪುಟ್ಟ ತುಂಡುಗಳಾಗಿ ಹಂಚಿರುತ್ತದೆ. ಅದರ ಮೊಟ್ಟಮೊದಲ ಪುಟದಲ್ಲಿ ‘ಸೋನಿ ಪಿಎಸ್2 ಮೆಮೊರಿ ಕಾರ್ಡ್ ಫಾರ್ಮ್ಯಾಟ್’ ಎಂಬ ಇಂಗ್ಲಿಷ್ ಒಕ್ಕಣೆಯೂ, ಅದರ ಹಿಂದೆಯೇ ಕಾರ್ಡಿನ ಗಾತ್ರ, ಹಂಚಿಕೆಯ ಪಟ್ಟಿ ಎಲ್ಲಿದೆ, ಕೆಟ್ಟ ಬ್ಲಾಕುಗಳು (ಪುಟಗಳ ಗುಂಪುಗಳು) ಯಾವುವು ಎಂಬ ವಿವರಗಳೂ ಇರುತ್ತವೆ. ಈ ಒಂದು ಪುಟವನ್ನು ಸರಿಯಾಗಿ ಓದಲಾಗದಿದ್ದರೆ ಉಳಿದ ಸಾವಿರಾರು ಪುಟಗಳು ಸುಸ್ಥಿತಿಯಲ್ಲಿದ್ದರೂ ಕನ್ಸೋಲಿನ ಪಾಲಿಗೆ ಅದು ಖಾಲಿ ಕಾರ್ಡೇ. ಪರಿವಿಡಿ ಹರಿದುಹೋದ ಪುಸ್ತಕದ ಸ್ಥಿತಿ ಅದು. ಅದಕ್ಕೇ ತೆಗೆದು ಮತ್ತೆ ಹಾಕಿದ ಮೇಲೆ ಎಲ್ಲವೂ ಮರಳಿ ಬಂದಂತೆ ನಿಮಗೆ ಕಾಣಿಸುತ್ತಿದೆ. ನಿಜಕ್ಕೂ ಅವು ಎಲ್ಲಿಗೂ ಹೋಗಿರಲಿಲ್ಲ.

ಓದಲು ಆಗದಿರುವುದಕ್ಕೆ ಎರಡು ಕಾರಣಗಳಿರಬಹುದು. ಒಂದು ಸರಳವಾದದ್ದು, ಲೋಹದ ಸಂಪರ್ಕಪಟ್ಟಿಗಳ ಮೇಲೆ ಕೂತ ಕೊಳೆ. ಕನ್ಸೋಲ್ ಆಫ್ ಮಾಡಿ, ಹತ್ತಿ ಸುತ್ತಿದ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿ ಕಾರ್ಡಿನ ಪಟ್ಟಿಗಳನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ ನೋಡಿ. ಸೋನಿಯ ಕಾರ್ಡ್ ಅದೇ ಸ್ಲಾಟಿನಲ್ಲಿ ಯಾವ ತಕರಾರೂ ಇಲ್ಲದೆ ನಡೆಯುತ್ತಿದ್ದು, ಒರೆಸಿದ ಮೇಲೂ ಇದು ಮಾತ್ರ ಕೈಕೊಡುತ್ತಿದ್ದರೆ ಎರಡನೆಯ ಕಾರಣವನ್ನೇ ಶಂಕಿಸಬೇಕು, ಅಂದರೆ ಕಾರ್ಡಿನೊಳಗಿನ ಚಿಪ್ಪನ್ನು.

8 ಎಂ.ಬಿ. ಕಾರ್ಡಿನಲ್ಲಿ 16,384 ಪುಟಗಳಿವೆ. ಪ್ರತಿ ಪುಟದಲ್ಲಿ ಮಾಹಿತಿಗೆ 512 ಬೈಟ್, ಜೊತೆಗೆ 16 ಬೈಟ್ ಹೆಚ್ಚುವರಿ ಜಾಗ. ಈ ಹೆಚ್ಚುವರಿಯಲ್ಲಿ 12 ಬೈಟ್‌ಗಳು ತಪ್ಪು ತಿದ್ದುವುದಕ್ಕೆಂದೇ ಮೀಸಲು: ಪ್ರತಿ 128 ಬೈಟ್ ಮಾಹಿತಿಗೆ 3 ಬೈಟ್‌ಗಳ ಲೆಕ್ಕ ಬರೆದಿಟ್ಟಿರುತ್ತದೆ, ಓದುವಾಗ ಆ ತುಂಡಿನಲ್ಲಿ ಒಂದು ಬಿಟ್ (ಒಂದು 0 ಅಥವಾ 1) ಮಾತ್ರ ತಪ್ಪಿದ್ದರೆ ಕನ್ಸೋಲ್ ತಾನೇ ಸರಿಪಡಿಸಿಕೊಳ್ಳುತ್ತದೆ, ಆಡುವವರಿಗೆ ಅದರ ಸುಳಿವೂ ಸಿಗುವುದಿಲ್ಲ. ಒಂದಕ್ಕಿಂತ ಹೆಚ್ಚು ಬಿಟ್ ತಪ್ಪಿದರೆ ತಿದ್ದಲಾಗದು. ಅಗ್ಗದ ಕಾರ್ಡ್ ತಿಂಗಳುಗಟ್ಟಲೆ ಚೆನ್ನಾಗಿದ್ದು ಒಂದು ದಿನ ಥಟ್ಟನೆ ಕೈಕೊಟ್ಟಂತೆ ಅನಿಸುವುದು ಬಹುಮಟ್ಟಿಗೆ ಇದರಿಂದಲೇ. ಸವಕಲು ಮೊದಲೇ ಶುರುವಾಗಿರುತ್ತದೆ, ತಿದ್ದುವ ವ್ಯವಸ್ಥೆ ಅದನ್ನು ಮುಚ್ಚಿಟ್ಟಿರುತ್ತದೆ, ಅಷ್ಟೆ. ಕಾರ್ಡಿನೊಳಗಿನ ಫ್ಲ್ಯಾಶ್ ಎಂಬ ಬಗೆಯ ಚಿಪ್ಪಿನಲ್ಲಿ ಮಾಹಿತಿ ನಿಲ್ಲುವುದು ಸೂಕ್ಷ್ಮ ಕೋಶಗಳಲ್ಲಿ ಸಿಕ್ಕಿಹಾಕಿಕೊಂಡ ವಿದ್ಯುದಾವೇಶದಿಂದ. ಅದು ನಿಧಾನವಾಗಿ ಸೋರುತ್ತದೆ, ಕಳಪೆ ಅಥವಾ ಬಳಸಿ ಬಿಟ್ಟ ಚಿಪ್ಪಿನಲ್ಲಿ ಬೇಗ ಸೋರುತ್ತದೆ. ಹೆಸರಿಲ್ಲದ ಕಾರ್ಡುಗಳ ದೊಡ್ಡ ತೊಂದರೆಯೆಂದರೆ ಒಳಗೆ ಎಂಥ ಚಿಪ್ ಇದೆಯೆಂಬುದು ಮೇಲಿನ ಚೀಟಿಯಿಂದ ತಿಳಿಯುವುದಿಲ್ಲ. ಸ್ನೇಹಿತರು ಅದೇ ಕಾರ್ಡನ್ನು ವರ್ಷಗಟ್ಟಲೆ ಬಳಸುತ್ತಿದ್ದಾರೆ ಎಂಬುದು ನಿಮ್ಮ ಕಾರ್ಡಿಗೆ ಸಾಕ್ಷಿಯಾಗದು.

ಇನ್ನು 64 ಎಂ.ಬಿ. ವಿಚಾರ. ಸೋನಿ ಪಿಎಸ್2ಗೆ ಹೊರತಂದು ಎಲ್ಲೆಡೆ ಮಾರಿದ್ದು 8 ಎಂ.ಬಿ. ಕಾರ್ಡನ್ನು, ಆಟ ಬರೆದವರು ಮನಸ್ಸಿನಲ್ಲಿಟ್ಟುಕೊಂಡದ್ದೂ, ಪರೀಕ್ಷಿಸಿದ್ದೂ ಅದನ್ನೇ. ಕನ್ಸೋಲಿನ ಕಡತ ವ್ಯವಸ್ಥೆ ಅದಕ್ಕಿಂತ ದೊಡ್ಡ ಕಾರ್ಡನ್ನು ತಾತ್ತ್ವಿಕವಾಗಿ ಒಪ್ಪುತ್ತದೆ ನಿಜ. ಆದರೆ ಎಂಟು ಪಟ್ಟು ದೊಡ್ಡದಾದ ಕಾರ್ಡನ್ನು ಕಂಡಾಗ ಕೆಲವು ಆಟಗಳು ಪರಿಶೀಲನೆಗೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ, ಕೆಲವು ಕಾರ್ಡೇ ಇಲ್ಲವೆನ್ನುತ್ತವೆ. ಅದರ ಮೇಲೆ, ಪಿಎಸ್2 ಕಾರ್ಡ್ ಬರೀ ಫ್ಲ್ಯಾಶ್ ಚಿಪ್ಪಲ್ಲ; ‘ಮ್ಯಾಜಿಕ್‌ಗೇಟ್’ ಎಂಬ ಗೂಢಲಿಪಿಯ ಪದ್ಧತಿಯಲ್ಲಿ ಕನ್ಸೋಲಿಗೆ ತನ್ನ ಗುರುತು ಹೇಳುವ ಇನ್ನೊಂದು ಚಿಪ್ಪೂ ಅದರಲ್ಲಿರುತ್ತದೆ. ಅಗ್ಗದ ಕಾರ್ಡುಗಳು ಈ ಗುರುತನ್ನು ಅನುಕರಿಸುತ್ತವೆ. ಅನುಕರಣೆ ಎಷ್ಟು ಪೂರ್ಣವಾಗಿದೆ ಎಂಬುದು ಕಾರ್ಡಿನಿಂದ ಕಾರ್ಡಿಗೆ ಬದಲಾಗುತ್ತದೆ.

ಆದ್ದರಿಂದ ನನ್ನ ಸಲಹೆ: 64 ಎಂ.ಬಿ.ಯ ಒಂದು ಕಾರ್ಡಿಗಿಂತ 8 ಎಂ.ಬಿ.ಯ ಎರಡು ಕಾರ್ಡುಗಳು ಮೇಲು, ಅವು ಬೇರೆ ಕಂಪನಿಯವಾದರೂ ಸರಿ. ಬಹುತೇಕ ಆಟಗಳ ಸೇವ್ ಕೆಲವು ಹತ್ತು ಅಥವಾ ಕೆಲವು ನೂರು ಕೆ.ಬಿ.ಯಷ್ಟೇ ಇರುವುದರಿಂದ ಎರಡು ಕಾರ್ಡುಗಳು ಒಂದು ಮನೆಗೆ ಧಾರಾಳ. ಹಳೆಯ ಅಸಲಿ ಕಾರ್ಡ್ ಸಿಕ್ಕರೆ ಕೊಳ್ಳಿ, ಆದರೆ ಅದು ಅಮೃತ ಕುಡಿದು ಬಂದದ್ದೇನಲ್ಲ. 2000ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಪಿಎಸ್2ರ ತಯಾರಿಕೆ 2013ರ ಆರಂಭದ ಹೊತ್ತಿಗೆ ನಿಂತಿತು. ನಮ್ಮ ದೇಶದಲ್ಲಿ ಅದು ಕೊನೆಯವರೆಗೂ ಓಡಿದ ಯಂತ್ರ. 2009ರಲ್ಲಿ ಹೈದರಾಬಾದಿನ ಕಂಪನಿಯೊಂದು ಹನುಮಂತನ ಕಥೆಯ ಆಟವೊಂದನ್ನು ಪಿಎಸ್2ಗೆಂದೇ ಮಾಡಿತ್ತು. ಹಾಗಾಗಿ ನಮ್ಮಲ್ಲಿ ಸಿಗುವ ಅಸಲಿ ಕಾರ್ಡುಗಳು ಬೇರೆಡೆಯವಕ್ಕಿಂತ ತುಸು ಎಳೆಯವಿರಬಹುದಾದರೂ ಅವುಗಳಿಗೂ ಹತ್ತು ವರ್ಷ ದಾಟಿದೆ. ವರ್ಷಕ್ಕೊಮ್ಮೆ ಅದರ ಸೇವ್‌ಗಳನ್ನೆಲ್ಲ ಇನ್ನೊಂದು ಕಾರ್ಡಿಗೆ ನಕಲಿಸಿ, ಮತ್ತೆ ಹಿಂದಕ್ಕೆ ಬರೆದರೆ ಕೋಶಗಳಲ್ಲಿನ ಆವೇಶ ಹೊಸದಾಗುತ್ತದೆ.

ಪ್ರಶ್ನೆ: ಬೆಂಗಳೂರಿನ ಅಂಗಡಿಯೊಂದರಲ್ಲಿ ಸೋನಿ ಎಂದೇ ಬರೆದಿರುವ, ಪೊಟ್ಟಣ ಒಡೆಯದ 8 ಎಂ.ಬಿ. ಪಿಎಸ್2 ಕಾರ್ಡ್ ತೀರಾ ಅಗ್ಗಕ್ಕೆ ಸಿಕ್ಕಿತು. ಕನ್ಸೋಲಿನ ‘ಬ್ರೌಸರ್’ (ಕಾರ್ಡಿನಲ್ಲಿರುವುದನ್ನು ತೋರಿಸುವ ಪರದೆ) ಪೂರ್ತಿ ಜಾಗ ತೋರಿಸುತ್ತದೆ. ಹಾಗಿದ್ದರೆ ಅಸಲಿಯೇ ಇರಬೇಕಲ್ಲವೇ? – ಓದುಗರು, ತುಮಕೂರು

ಉತ್ತರ: ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ತಯಾರಿಕೆ ನಿಂತು ಇಷ್ಟು ವರ್ಷಗಳಾದ ವಸ್ತು ಹೊಸ ಪೊಟ್ಟಣದಲ್ಲಿ, ಬೇಕಾದಷ್ಟು ಸಂಖ್ಯೆಯಲ್ಲಿ, ಅಗ್ಗಕ್ಕೆ ಸಿಗುತ್ತಿದೆಯೆಂದರೆ ಅನುಮಾನ ಪಡುವುದೇ ಸರಿ. ಆದರೆ ಅಸಲಿಯೋ ನಕಲಿಯೋ ಎಂಬುದಕ್ಕಿಂತ ಅದು ಬರೆದದ್ದನ್ನು ಉಳಿಸಿಕೊಳ್ಳುತ್ತದೆಯೇ ಎಂಬುದು ನಿಮಗೆ ಮುಖ್ಯವಾಗಬೇಕು. ಬ್ರೌಸರ್ ತೋರಿಸುವ ಜಾಗ ಇದಕ್ಕೆ ಪ್ರಮಾಣವಲ್ಲ. ಫಾರ್ಮ್ಯಾಟ್ ಮಾಡುವಾಗ ಕನ್ಸೋಲ್ ‘ನಿನ್ನ ಗಾತ್ರವೆಷ್ಟು?’ ಎಂದು ಕಾರ್ಡನ್ನೇ ಕೇಳಿ, ಅದು ಹೇಳಿದ್ದನ್ನು ಬರೆದುಕೊಳ್ಳುತ್ತದೆಯೇ ಹೊರತು ಪ್ರತಿ ಪುಟವನ್ನೂ ಬರೆದು ಪರೀಕ್ಷಿಸಿ ಬಂದ ಲೆಕ್ಕ ಅದಲ್ಲ.

ಪರೀಕ್ಷೆಯನ್ನು ನೀವೇ ಮಾಡಬಹುದು. ಡಿಸ್ಕ್ ಹಾಕದೆ ಕನ್ಸೋಲ್ ಚಾಲೂ ಮಾಡಿ ಬ್ರೌಸರಿಗೆ ಹೋಗಿ. ಹಳೆಯ ಕಾರ್ಡಿನಲ್ಲಿರುವ ಸೇವ್‌ಗಳನ್ನು ಹೊಸ ಕಾರ್ಡಿಗೆ, ಜಾಗ ಸಾಲದು ಎನ್ನುವವರೆಗೂ ನಕಲು ಮಾಡಿ. ಬೇಕಾದರೆ ಕೆಲವು ಆಟಗಳಲ್ಲಿ ಎರಡು ಮೂರು ಸೇವ್‌ಗಳನ್ನು ಹೊಸದಾಗಿ ಮಾಡಿ ತುಂಬಿ. ಅರ್ಧ ತುಂಬಿದ ಕಾರ್ಡಿನ ಪರೀಕ್ಷೆ ಅರ್ಧ ಕಾರ್ಡಿನದೇ. ತುಂಬಿದ ಮೇಲೆ ಕಾರ್ಡನ್ನು ಹೊರತೆಗೆದು ಎರಡು ಮೂರು ವಾರ ಪೆಟ್ಟಿಗೆಯಲ್ಲಿಡಿ. ಅನಂತರ ಪ್ರತಿ ಸೇವನ್ನೂ ಬೇರೊಂದು ಕಾರ್ಡಿಗೆ ಮರಳಿ ನಕಲಿಸಿ. ಹೆಸರು, ಚಿತ್ರ ಮಾತ್ರ ಕಾಣಿಸಿದರೆ ಸಾಲದು. ನಕಲು ಮಾಡುವಾಗ ಮಾತ್ರ ಕಡತದ ಒಳಗಿನ ಪುಟಗಳೆಲ್ಲ ಓದಲ್ಪಡುತ್ತವೆ. ಕೆಟ್ಟದ್ದಿದ್ದರೆ ನಕಲು ನಡುವೆಯೇ ನಿಲ್ಲುತ್ತದೆ ಅಥವಾ ಆ ಸೇವ್ ‘ಕರಪ್ಟೆಡ್ ಡೇಟಾ’ ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವು ಆಟಗಳ ಸೇವನ್ನು ನಕಲು ಮಾಡದಂತೆ ತಯಾರಕರೇ ತಡೆದಿರುತ್ತಾರೆ, ಅದನ್ನು ಕಾರ್ಡಿನ ದೋಷವೆಂದು ತಿಳಿಯಬೇಡಿ.

ಈ ಪರೀಕ್ಷೆ ದಾಟಿದ ಅಗ್ಗದ ಕಾರ್ಡನ್ನು ನಿತ್ಯದ ಆಟಕ್ಕೆ ಬಳಸಲು ನನ್ನ ಅಭ್ಯಂತರವಿಲ್ಲ. ಅಂಗಡಿಯವರು ಬದಲಿ ಕೊಡುವ ಅವಧಿಯೊಳಗೇ ಪರೀಕ್ಷೆ ಮುಗಿಯುವಂತೆ ನೋಡಿಕೊಳ್ಳಿ.

ಪ್ರಶ್ನೆ: ಇಲ್ಲಿ ಮಕ್ಕಳಿಗೆಂದು ಹಳೆಯ ನಿಂಟೆಂಡೊ ಗೇಮ್‌ಕ್ಯೂಬ್ ಕೊಂಡಿದ್ದೇವೆ. 59, 251, 1019, 2043 ಬ್ಲಾಕುಗಳ ಕಾರ್ಡುಗಳು ಸಿಗುತ್ತವೆ. ಕೊನೆಯದು ಬೇರೆ ಕಂಪನಿಗಳದ್ದು, ಎಲ್ಲಕ್ಕಿಂತ ಅಗ್ಗ. ಯಾವುದನ್ನು ಕೊಳ್ಳೋಣ? – ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯ

ಉತ್ತರ: 251ನ್ನು ಕೊಳ್ಳಿ. ಈ ವಿಚಿತ್ರ ಅಂಕಿಗಳ ಹಿಂದೆ ಸರಳ ಲೆಕ್ಕವಿದೆ. ಒಂದು ಬ್ಲಾಕ್ ಎಂದರೆ 8 ಕೆ.ಬಿ.; 64, 256, 1024 ಬ್ಲಾಕುಗಳಿಂದ ವ್ಯವಸ್ಥೆಗೆ ಮೀಸಲಾದ 5ನ್ನು ಕಳೆದರೆ ನಿಂಟೆಂಡೊದ ಮೂರು ಕಾರ್ಡುಗಳ ಗಾತ್ರ ಸಿಗುತ್ತದೆ. ಆ ಐದರಲ್ಲಿ ಒಂದು ತಲೆಪುಟ, ಉಳಿದವು ಸೂಚಿಯ ಎರಡು ಪ್ರತಿಗಳು ಮತ್ತು ಹಂಚಿಕೆ ಪಟ್ಟಿಯ ಎರಡು ಪ್ರತಿಗಳು. ಬರೆಯುವಾಗ ವಿದ್ಯುತ್ ಹೋಗಿ ಒಂದು ಪ್ರತಿ ಕೆಟ್ಟರೂ ಇನ್ನೊಂದರಿಂದ ಚೇತರಿಸಿಕೊಳ್ಳಬಹುದಾದ ಈ ಏರ್ಪಾಡು ನಿಜಕ್ಕೂ ಚೆನ್ನಾಗಿದೆ, ಆದರೆ ಚಿಪ್ಪೇ ಕಳಪೆಯಾಗಿದ್ದರೆ ಇದರಿಂದ ಆಟದ ಸೇವ್ ಉಳಿಯದು, ಏಕೆಂದರೆ ಎರಡೆರಡು ಪ್ರತಿಯಿರುವುದು ಪಟ್ಟಿಗಳಿಗಷ್ಟೇ.

2043 ನಿಂಟೆಂಡೊ ಹೊರತಂದ ಗಾತ್ರವೇ ಅಲ್ಲ. 1019ರ ಕಾರ್ಡ್ ಕೂಡ ತಡವಾಗಿ ಬಂದದ್ದು, ಅದಕ್ಕೆ ಮೊದಲೇ ತಯಾರಾದ ಕೆಲವು ಆಟಗಳು ಅದರೊಂದಿಗೆ ತಕರಾರು ಮಾಡುತ್ತವೆ. ಇನ್ನೊಂದು ಮಾತು: ಈ ಕನ್ಸೋಲಿನಲ್ಲೂ ಕೆಲವು ಸೇವ್‌ಗಳಿಗೆ ನಕಲಿನ ನಿಷೇಧವಿದೆ, ಕೆಲವು ಆಟಗಳಂತೂ ಫಾರ್ಮ್ಯಾಟ್ ಮಾಡುವಾಗ ಕಾರ್ಡಿಗೆ ದೊರೆತ ಕ್ರಮಸಂಖ್ಯೆಗೆ ಸೇವನ್ನು ಕಟ್ಟಿಹಾಕಿಬಿಡುತ್ತವೆ. ಅಂಥ ಆಟಗಳಿಗೆ ಒಳ್ಳೆಯ ಕಾರ್ಡನ್ನೇ ಮೀಸಲಿಡಿ.

ಪ್ರಶ್ನೆ: ಮೊದಲ ಪ್ಲೇಸ್ಟೇಷನ್ನಿನ ಎರಡು ಕಾರ್ಡುಗಳು ನನ್ನಲ್ಲಿವೆ. ಒಂದು ಸೋನಿಯದು, 15 ಬ್ಲಾಕ್. ಇನ್ನೊಂದು ಬೇರೆ ಕಂಪನಿಯದು, ಗುಂಡಿ ಒತ್ತಿದರೆ ‘ಪುಟ’ ಬದಲಾಗುವ 120 ಬ್ಲಾಕಿನದು. ಎರಡನೆಯದರಲ್ಲಿ ಅರ್ಧ ಪುಟಗಳು ಖಾಲಿ ತೋರಿಸುತ್ತಿವೆ. ಉಳಿದದ್ದನ್ನಾದರೂ ಕಂಪ್ಯೂಟರಿಗೆ ತೆಗೆದಿಡಲು ದಾರಿಯಿದೆಯೇ? – ಓದುಗರು, ಶಿವಮೊಗ್ಗ

ಉತ್ತರ: ದಾರಿಯಿದೆ, ಆದರೆ ಕಾರ್ಡನ್ನು ಹೆಚ್ಚು ಕೆಣಕದೆ ಮಾಡಬೇಕು. ಪಿಎಸ್1 ಕಾರ್ಡಿನ ಒಟ್ಟು ಜಾಗ 128 ಕೆ.ಬಿ.; 8 ಕೆ.ಬಿ.ಯ 16 ಬ್ಲಾಕುಗಳಲ್ಲಿ ಮೊದಲನೆಯದು ಸೂಚಿಗೆ ಹೋಗಿ 15 ಉಳಿಯುತ್ತವೆ. ಕನ್ಸೋಲಿಗೆ ಇದಕ್ಕಿಂತ ದೊಡ್ಡ ಕಾರ್ಡಿನ ಕಲ್ಪನೆಯೇ ಇಲ್ಲ. ನಿಮ್ಮ 120 ಬ್ಲಾಕಿನ ಕಾರ್ಡ್ ಎಂಟು ಪ್ರತ್ಯೇಕ ಕಾರ್ಡುಗಳನ್ನು ಒಂದೇ ಚಿಪ್ಪಿನಲ್ಲಿಟ್ಟು, ಒಂದು ಸಲಕ್ಕೆ ಒಂದನ್ನು ಮಾತ್ರ ಮುಂದೆ ಮಾಡುತ್ತದೆ. ಸೇವ್ ಆಗುತ್ತಿರುವಾಗ ಗುಂಡಿ ಒತ್ತಿಹೋದರೆ ಬರಹದ ಒಂದು ಭಾಗ ಈ ಪುಟಕ್ಕೆ, ಇನ್ನೊಂದು ಭಾಗ ಆ ಪುಟಕ್ಕೆ ಹೋಗಿ ಎರಡೂ ಕೆಡುತ್ತವೆ. ಸಾಲದ್ದಕ್ಕೆ, ಪಿಎಸ್2 ಕಾರ್ಡಿನಂಥ ತಪ್ಪು ತಿದ್ದುವ ಲೆಕ್ಕ ಪಿಎಸ್1ರಲ್ಲಿಲ್ಲ. ಸೂಚಿಯ ತುಂಡುಗಳಿಗೆ ಒಂದೊಂದು ಬೈಟಿನ ತಾಳೆ ಇದೆ, ಅಷ್ಟೆ. ಆಟದ ಮಾಹಿತಿಯಲ್ಲಿ ಬಿಟ್ ತಪ್ಪಿದರೆ ಆಟವೇ ಅದನ್ನು ಕಂಡುಹಿಡಿಯಬೇಕು.

ಮೊದಲು, ಕಾಣಿಸುವ ಪುಟಗಳಿಂದ ಬೇಕಾದ ಸೇವ್‌ಗಳನ್ನು ಸೋನಿ ಕಾರ್ಡಿಗೆ ಸಾಗಿಸಿ. ಖಾಲಿ ತೋರಿಸುವ ಪುಟಗಳಿಗೆ ಏನನ್ನೂ ಬರೆಯಬೇಡಿ. ಪಿಎಸ್2 ಇದ್ದರೆ ಅದರ ಬ್ರೌಸರಿನಿಂದ ಪಿಎಸ್1 ಸೇವ್‌ಗಳನ್ನು ಪಿಎಸ್2 ಕಾರ್ಡಿಗೆ ನಕಲು ಮಾಡಿಡಬಹುದು; ಅಲ್ಲಿಂದ ನೇರವಾಗಿ ಆಡಲಾಗದು, ಆಡಬೇಕೆಂದಾಗ ಪಿಎಸ್1 ಕಾರ್ಡಿಗೆ ಮರಳಿಸಬೇಕು. ಪಿಎಸ್3 ಇದ್ದವರಿಗೆ ಇನ್ನೂ ಸುಲಭ. ಸೋನಿಯೇ ಅದಕ್ಕೆಂದು ಮಾಡಿದ್ದ ಮೆಮೊರಿ ಕಾರ್ಡ್ ಅಡಾಪ್ಟರ್ ಹಳೆಯ ಮಾಲಿನ ಮಾರುಕಟ್ಟೆಯಲ್ಲಿ ಸಿಗುತ್ತದೆ, ಯುಎಸ್‌ಬಿ ಮೂಲಕ ಎರಡೂ ಬಗೆಯ ಕಾರ್ಡುಗಳನ್ನು ಓದುತ್ತದೆ, ಹವ್ಯಾಸಿಗಳು ಬರೆದ ತಂತ್ರಾಂಶದ ನೆರವಿನಿಂದ ಕಂಪ್ಯೂಟರಿಗೂ ಜೋಡಿಸಬಹುದು.

ಮುಂದಿನ ದಿನಗಳಿಗೆ, ಎಸ್‌ಡಿ ಕಾರ್ಡ್ ಹಾಕುವ ಹೊಸ ಬಗೆಯ ಮೆಮೊರಿ ಕಾರ್ಡುಗಳನ್ನು ಪರಿಗಣಿಸಿ. ಕೆಲವು ತಯಾರಾಗಿಯೇ ಸಿಗುತ್ತವೆ, ಕೆಲವನ್ನು ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಬೋರ್ಡಿನಿಂದ ಬೆಸುಗೆ ಬಲ್ಲವರು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಕನ್ಸೋಲಿಗೆ ಇವು 128 ಕೆ.ಬಿ.ಯ ಮಾಮೂಲಿ ಕಾರ್ಡಿನಂತೆಯೇ ಕಾಣುತ್ತವೆ. ಎಸ್‌ಡಿ ಕಾರ್ಡಿನಲ್ಲಿ ಮಾತ್ರ ಪ್ರತಿಯೊಂದು ‘ಕಾರ್ಡೂ’ ಒಂದೊಂದು ಫೈಲಾಗಿ ಕೂತಿರುವುದರಿಂದ ಅದನ್ನು ಕಂಪ್ಯೂಟರಿಗೆ ಹಾಕಿ ಪ್ರತಿ ತೆಗೆದಿಟ್ಟುಕೊಳ್ಳುವುದು ಕ್ಷಣದ ಕೆಲಸ. ಬೆಲೆ ಅಗ್ಗವಲ್ಲ. ಆದರೆ ಅದಕ್ಕೆ ಹಾಕುವ ಎಸ್‌ಡಿ ಕಾರ್ಡಿನಲ್ಲಿ ಉಳಿತಾಯ ಮಾಡಲು ಹೋಗಬೇಡಿ, ಅಲ್ಲಿಯೂ ಸುಳ್ಳು ಗಾತ್ರದ ನಕಲಿಗಳಿವೆ. ಕೊಂಡ ದಿನವೇ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಅಥವಾ ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶದಿಂದ ಕಾರ್ಡನ್ನು ಪೂರ್ತಿ ತುಂಬಿಸಿ, ಓದಿಸಿ ನೋಡಿ, ಆಮೇಲೆ ಸೇವ್‌ಗಳನ್ನು ಹಾಕಿ.