ಹಳೇ ಸರ್ವರ್ ಆಫ್ ಆದರೂ ಔಟ್‌ಲುಕ್ ಅದನ್ನೇ ಹುಡುಕುತ್ತಿದೆ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಟ್ರ್ಯಾಕ್ಟರ್ ಬಿಡಿಭಾಗಗಳ ವ್ಯಾಪಾರ. ಆಫೀಸಿನಲ್ಲಿದ್ದ ಎಕ್ಸ್‌ಚೇಂಜ್ 2010 ಮೇಲ್ ಸರ್ವರನ್ನು ಹೋದ ತಿಂಗಳು ಆಫ್ ಮಾಡಿ, ಮೇಲ್ ಎಲ್ಲವನ್ನೂ ಇಂಟರ್‌ನೆಟ್‌ನಲ್ಲಿರುವ ಮೈಕ್ರೋಸಾಫ್ಟ್ 365ಕ್ಕೆ ಹಾಕಿದೆವು. ಮೊಬೈಲ್‌ನಲ್ಲಿ ಮೇಲ್ ಚೆನ್ನಾಗಿ ಬರುತ್ತದೆ. ಆದರೆ ಆಫೀಸಿನ ಕೆಲವು ಕಂಪ್ಯೂಟರ್‌ಗಳಲ್ಲಿ ಔಟ್‌ಲುಕ್ ಪಾಸ್‌ವರ್ಡ್ ಕೇಳುತ್ತಲೇ ಇರುತ್ತದೆ, ಕೆಲವು ಕನೆಕ್ಟ್ ಆಗದೆ ಸುಮ್ನೆ ಸುತ್ತುತ್ತವೆ, ಎರಡರಲ್ಲಿ ಸರ್ಟಿಫಿಕೇಟ್ ಸರಿಯಿಲ್ಲ ಅನ್ನುತ್ತದೆ. ಪಾಸ್‌ವರ್ಡ್ ಮೂರು ಸಲ ಬದಲಾಯಿಸಿ ನೋಡಿದೆವು. ಏನು ಮಾಡಬೇಕು?

ಉತ್ತರ: ಮೊದಲು ಪಾಸ್‌ವರ್ಡ್ ಬದಲಾಯಿಸೋದನ್ನು ನಿಲ್ಲಿಸಿ. ಅದೇ ಪಾಸ್‌ವರ್ಡ್‌ನಲ್ಲಿ ಮೊಬೈಲ್ ನಡೆಯುತ್ತಿದೆ ಅಂದಮೇಲೆ ತಪ್ಪು ಅದರದ್ದಲ್ಲ, ಅಲ್ವಾ? ನೀವು ಬರೆದಿರೋದು ಒಂದು ಕಾಯಿಲೆ ಅಲ್ಲ, ಮೂರು. ಒಂದು ಹಾಳೆ ತಗೊಂಡು ಯಾವ ಕಂಪ್ಯೂಟರ್ ಏನು ತೋರಿಸುತ್ತದೆ, ಅದರಲ್ಲಿ ಯಾವ ವರ್ಷದ ಔಟ್‌ಲುಕ್ ಇದೆ ಅಂತ ಬರೆದುಕೊಳ್ಳಿ.

ಪಾಸ್‌ವರ್ಡ್ ಕೇಳುತ್ತಲೇ ಇರುವವು ಔಟ್‌ಲುಕ್ 2010 ಆಗಿದ್ದರೆ ಗುದ್ದಾಡಬೇಡಿ. ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುವ ಹಳೇ ವಿಧಾನವನ್ನು ಮೈಕ್ರೋಸಾಫ್ಟ್ 2022ರ ಅಕ್ಟೋಬರ್‌ನಿಂದ ನಿಲ್ಲಿಸುತ್ತಾ ಬಂತು, ಹೊಸ ವಿಧಾನ 2010ಕ್ಕೆ ಗೊತ್ತೇ ಇಲ್ಲ. ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಮತ್ತೆ ಕೇಳುತ್ತದೆ. ಹೊಸ ಔಟ್‌ಲುಕ್ ಹಾಕಿ, ಇಲ್ಲವೇ ಬ್ರೌಸರ್‌ನಲ್ಲಿ ಮೇಲ್ ನೋಡಲು ಹೇಳಿ. 2013 ಇದ್ದರೆ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ತಿದ್ದಿ ನಡೆಸಬಹುದು, ಆದರೆ ಅದನ್ನೂ ಜಾಸ್ತಿ ದಿನ ಇಟ್ಟುಕೊಳ್ಳಬೇಡಿ.

ಸುಮ್ನೆ ಸುತ್ತುತ್ತಿರುವವುಗಳಲ್ಲೇ ನಿಜವಾದ ಕಥೆ ಇರೋದು. ಮೇಲ್ ಎಲ್ಲಿದೆ ಅಂತ ಔಟ್‌ಲುಕ್ ತಾನಾಗಿ ಹುಡುಕುತ್ತದೆ, ಅದಕ್ಕೆ ಆಟೋಡಿಸ್ಕವರ್ ಅನ್ನುತ್ತಾರೆ. ಆಫೀಸಿನ ಡೊಮೈನ್‌ಗೆ ಸೇರಿದ ಕಂಪ್ಯೂಟರ್ ಆದರೆ ಅದು ಮೊದಲು ಕೇಳೋದು ಇಂಟರ್‌ನೆಟ್ಟನ್ನಲ್ಲ, ನಿಮ್ಮದೇ ಆಕ್ಟಿವ್ ಡೈರೆಕ್ಟರಿಯನ್ನು, ಅಂದರೆ ಆಫೀಸಿನ ಲಾಗಿನ್, ಕಂಪ್ಯೂಟರ್‌ಗಳ ಪಟ್ಟಿ ಇರುವ ಜಾಗವನ್ನು. ಎಕ್ಸ್‌ಚೇಂಜ್ ಹಾಕಿದಾಗ ಅಲ್ಲಿ ತನ್ನ ವಿಳಾಸ ಬರೆದಿಟ್ಟಿರುತ್ತದೆ. ನೀವು ಸರ್ವರ್ ಆಫ್ ಮಾಡಿದಿರಿ, ಆ ವಿಳಾಸ ಅಳಿಸಲಿಲ್ಲ. ಮನೆ ಖಾಲಿ ಮಾಡಿದರೂ ಗೇಟಿನ ಮೇಲಿನ ಹೆಸರು ತೆಗೆದಿಲ್ಲ, ಅಷ್ಟೇ. ಆಫೀಸ್ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ಗೆ ಅದೇ ಲ್ಯಾಪ್‌ಟಾಪ್ ಜೋಡಿಸಿ ನೋಡಿ. ಅಲ್ಲಿ ತಕ್ಷಣ ಮೇಲ್ ಬಂದರೆ ದೋಷ ಆಫೀಸಿನ ಒಳಗೇ ಇದೆ.

ಹಳೇ ಸರ್ವರ್ ಇನ್ನೂ ಆನ್ ಆಗುತ್ತದಾದರೆ ಅದನ್ನು ಆನ್ ಮಾಡಿ, ಎಕ್ಸ್‌ಚೇಂಜ್ ಶೆಲ್‌ನಲ್ಲಿ (ಅದರ ಕಮಾಂಡ್ ಬರೆಯುವ ಕಿಟಕಿ) ಆಟೋಡಿಸ್ಕವರ್‌ನ ಒಳ ವಿಳಾಸವನ್ನು ಖಾಲಿ ಮಾಡಿ. ಎಕ್ಸ್‌ಚೇಂಜನ್ನು ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿದರೂ ವಿಳಾಸ ಹೋಗುತ್ತದೆ. ಆದರೆ ಆಫೀಸಿನ ಲಾಗಿನ್‌ಗಳು 365ರ ಜೊತೆ ಸಿಂಕ್ ಆಗುತ್ತಿದ್ದರೆ ಕೊನೆಯ ಎಕ್ಸ್‌ಚೇಂಜನ್ನು ಕೀಳುವ ಮೊದಲು ತಿಳಿದವರನ್ನು ಕೇಳಿ. ಆಮೇಲೆ ಒಳಗಿನ ಡಿಎನ್‌ಎಸ್ (ಯಾವ ಹೆಸರಿಗೆ ಯಾವ ನಂಬರ್ ಅಂತ ಹೇಳುವ ಪಟ್ಟಿ) ತೆಗೆದು ನೋಡಿ, ಆಟೋಡಿಸ್ಕವರ್ ಅನ್ನುವ ಹೆಸರು ಅಲ್ಲಿ ಇನ್ನೂ 192.168ರಿಂದ ಶುರುವಾಗುವ ಹಳೇ ನಂಬರ್ ತೋರಿಸುತ್ತಿರಬಹುದು. ಹೊರಗಿನ ಡಿಎನ್‌ಎಸ್ ಬದಲಾಯಿಸಿ ಒಳಗಿನದನ್ನು ಮರೆಯೋದು ತೀರಾ ಮಾಮೂಲಿ. ಎರಡೂ ಕಡೆ ಅದು ಆಟೋಡಿಸ್ಕವರ್ ಡಾಟ್ ಔಟ್‌ಲುಕ್ ಡಾಟ್ ಕಾಮ್ ಕಡೆ ತೋರಿಸಬೇಕು.

ಇಷ್ಟಾದರೂ ಒಂದು ಕಂಪ್ಯೂಟರ್ ಹಟ ಮಾಡಿದರೆ ಅದರ ಕಮಾಂಡ್ ಕಿಟಕಿಯಲ್ಲಿ ಆಟೋಡಿಸ್ಕವರ್ ಹೆಸರಿಗೆ ಪಿಂಗ್ ಮಾಡಿ, ಎನ್‌ಎಸ್‌ಲುಕಪ್ ಕೂಡ ಮಾಡಿ, ಎರಡೂ ಆ ಹೆಸರಿನ ನಂಬರ್ ಹೇಳುವ ಕಮಾಂಡ್‌ಗಳು. ಎರಡೂ ಬೇರೆ ಬೇರೆ ನಂಬರ್ ಹೇಳಿದರೆ ಹೋಸ್ಟ್ಸ್ ಫೈಲ್ (ಆ ಕಂಪ್ಯೂಟರಿನದೇ ಹೆಸರು-ನಂಬರ್ ಪಟ್ಟಿ) ತೆಗೆದು ನೋಡಿ, ಏಕೆಂದರೆ ಪಿಂಗ್ ಅದನ್ನು ಓದುತ್ತದೆ, ಎನ್‌ಎಸ್‌ಲುಕಪ್ ಓದೋದಿಲ್ಲ. ನಾನು ಒಮ್ಮೆ ಇದಕ್ಕೆ ಅರ್ಧ ದಿನ ಕಳೆದು, ಕೊನೆಗೆ ಹೋಸ್ಟ್ಸ್ ಫೈಲ್‌ನಲ್ಲಿ ಹಳೇ ಸರ್ವರ್‌ನ ಸಾಲು ಕಂಡು ಯಾರು ಬರೆದಿದ್ದು ಅಂತ ಬೈದೆ. ಬರೆದವನು ನಾನೇ.

ಇನ್ನು ಆ ಎರಡು ಸರ್ಟಿಫಿಕೇಟ್. ಯೆಸ್ ಒತ್ತಬೇಡಿ, ಸರ್ಟಿಫಿಕೇಟ್ ತೆಗೆದು ಅದರಲ್ಲಿರುವ ಹೆಸರು ಓದಿ. ನಿಮ್ಮ ವೆಬ್‌ಸೈಟ್ ಇಟ್ಟಿರುವ ಹೋಸ್ಟಿಂಗ್‌ನವರ ಹೆಸರು ಇದ್ದರೆ, ಔಟ್‌ಲುಕ್ ಆಟೋಡಿಸ್ಕವರ್ ಹುಡುಕುತ್ತಾ ನಿಮ್ಮ ವೆಬ್‌ಸೈಟಿನ ಬಾಗಿಲಿಗೆ ಹೋಗಿದೆ ಅಂತ ಅರ್ಥ. ಹಾದಿಯಲ್ಲಿ ಅದೂ ಒಂದು ಮೆಟ್ಟಿಲು, ಎಲ್ಲರಿಗೂ ಹೀಗೇ ಹೋಗುತ್ತದೆ, ಸರ್ಟಿಫಿಕೇಟ್ ಹೊಂದದಿದ್ದಾಗ ಮಾತ್ರ ಗಲಾಟೆ. ಮೇಲೆ ಹೇಳಿದ ವಿಳಾಸಗಳನ್ನು ಸರಿ ಮಾಡಿದ ಮೇಲೂ ಬಂದರೆ, ಆ ಮೆಟ್ಟಿಲನ್ನು ಬಿಟ್ಟು ಹೋಗುವಂತೆ ಆ ಎರಡು ಕಂಪ್ಯೂಟರ್‌ಗಳ ರಿಜಿಸ್ಟ್ರಿಯಲ್ಲಿ ಹೇಳಬಹುದು.

ಯಾವುದು ಎಲ್ಲಿ ನಿಲ್ಲುತ್ತಿದೆ ಅಂತ ಕಣ್ಣಾರೆ ನೋಡಬೇಕೆಂದರೆ, ಗಡಿಯಾರದ ಪಕ್ಕದ ಔಟ್‌ಲುಕ್ ಚಿಹ್ನೆಯ ಮೇಲೆ ಕಂಟ್ರೋಲ್ ಹಿಡಿದು ಬಲ ಕ್ಲಿಕ್ ಮಾಡಿ, ಟೆಸ್ಟ್ ಇ-ಮೇಲ್ ಆಟೋಕಾನ್ಫಿಗರೇಶನ್ ಆರಿಸಿ. ಗೆಸ್ ಸ್ಮಾರ್ಟ್ ಅನ್ನುವ ಎರಡೂ ಟಿಕ್ ತೆಗೆದುಬಿಡಿ, ಸುಮ್ನೆ ಗೊಂದಲ. ಲಾಗ್‌ನಲ್ಲಿ ಹೋದ ವಿಳಾಸಗಳೆಲ್ಲ ಸಾಲಾಗಿ ಕಾಣುತ್ತವೆ. ಎಲ್ಲ ಸರಿಮಾಡಿದ ಮೇಲೆ ಆ ಕಂಪ್ಯೂಟರ್‌ಗಳಲ್ಲಿ ಔಟ್‌ಲುಕ್‌ಗೆ ಹೊಸ ಪ್ರೊಫೈಲ್ (ಖಾತೆಯ ಸೆಟ್ಟಿಂಗ್‌ಗಳ ಗುಂಪು) ಮಾಡಿ, ಹಳೆಯದನ್ನು ರಿಪೇರಿ ಮಾಡೋದು ವ್ಯರ್ಥ. ಹಳೇ ಪ್ರೊಫೈಲ್ ಅಳಿಸುವ ಮೊದಲು ಅದರಲ್ಲಿ ಪಿಎಸ್‌ಟಿ ಫೈಲ್ (ಕಂಪ್ಯೂಟರಿನಲ್ಲೇ ಮೇಲ್ ಇಡುವ ಫೈಲ್) ಇದೆಯೇ ನೋಡಿಕೊಳ್ಳಿ, ವರ್ಷಗಳ ಮೇಲ್ ಅದರಲ್ಲೇ ಕೂತಿರಬಹುದು.

ಪ್ರಶ್ನೆ: ನಮ್ಮಲ್ಲೂ ಹೀಗೇ ಸರ್ವರ್ ಬದಲಾಯಿತು. ಈಗ ಸಹೋದ್ಯೋಗಿಗೆ ಮೇಲ್ ಕಳಿಸಿದರೆ ಐಎಂಸಿಇಎಇಎಕ್ಸ್ (IMCEAEX) ಅಂತ ಶುರುವಾಗುವ ಉದ್ದ ವಿಳಾಸದೊಂದಿಗೆ ವಾಪಸ್ ಬರುತ್ತದೆ. ಬೇರೆಯವರು ಕಳಿಸಿದ ಮೇಲ್ ಅವರಿಗೆ ಸರಿಯಾಗಿಯೇ ಬರುತ್ತಿದೆ. — ದಾವಣಗೆರೆ

ಉತ್ತರ: ವಿಳಾಸ ಬರೆಯುವಾಗ ಕೆಳಗೆ ಇಳಿಯುವ ಪಟ್ಟಿಯಲ್ಲಿ ಹಳೇ ಸರ್ವರಿನ ಒಳ ವಿಳಾಸ ಉಳಿದುಕೊಂಡಿದೆ. ಆ ಹೆಸರಿನ ಮುಂದಿರುವ ಗುಣಾಕಾರ ಚಿಹ್ನೆ ಒತ್ತಿ ತೆಗೆದು, ಪೂರ್ತಿ ವಿಳಾಸ ಹೊಸದಾಗಿ ಟೈಪ್ ಮಾಡಿ. ತುಂಬಾ ಜನಕ್ಕೆ ಆಗುತ್ತಿದ್ದರೆ, ಹಳೇ ವಿಳಾಸವನ್ನೇ ಹೊಸ ಮೇಲ್‌ಬಾಕ್ಸ್‌ಗೆ ಎಕ್ಸ್500 ವಿಳಾಸವಾಗಿ (ಎಕ್ಸ್‌ಚೇಂಜ್ ಒಳಗೆ ಬಳಸುವ ಬಗೆಯ ಹೆಚ್ಚುವರಿ ವಿಳಾಸ) ಸೇರಿಸಲು ನಿಮ್ಮ ಅಡ್ಮಿನ್‌ಗೆ ಹೇಳಿ.

ಪ್ರಶ್ನೆ: ಸ್ಕ್ಯಾನರ್‌ನಿಂದ ಮೇಲ್ ಹೋಗುತ್ತಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಉತ್ತರ: ಇದೆ. ಅದರೊಳಗೂ ಹಳೇ ಸರ್ವರಿನ ನಂಬರ್ ಬರೆದಿರುತ್ತದೆ, ಪೋರ್ಟ್ 25 ಇರುತ್ತದೆ. ಹಳೇ ಸ್ಕ್ಯಾನರ್‌ಗೆ ಟಿಎಲ್‌ಎಸ್ 1.2 (365ರ ಜೊತೆ ಸುರಕ್ಷಿತವಾಗಿ ಮಾತಾಡುವ ವಿಧಾನ) ಬಾರದಿದ್ದರೆ ಮೇಲ್ ಬಿಟ್ಟುಬಿಡಿ, ಸ್ಕ್ಯಾನ್ ಮಾಡಿದ್ದು ಒಂದು ಶೇರ್ ಫೋಲ್ಡರ್‌ಗೆ ಬೀಳುವಂತೆ ಮಾಡಿ.