ಎಕ್ಸ್‌ನಿಂದ ಯಾಕೆ ಗುಣಿಸಬೇಕು?

ಪ್ರಶ್ನೆ: ಸರ್, ನಾನು ಎಂಜಿನಿಯರಿಂಗ್ ಮೊದಲ ವರ್ಷ. ವೈ″ − 3ವೈ′ + 2ವೈ = ಇ ಪವರ್ ಎಕ್ಸ್ ಅನ್ನೋ ಲೆಕ್ಕದಲ್ಲಿ ಪಿ.ಐ. (ಪರ್ಟಿಕ್ಯುಲರ್ ಇಂಟಿಗ್ರಲ್, ಅಂದರೆ ಎಡಗಡೆ ಹಾಕಿದರೆ ಆ ಬಲಗಡೆಯನ್ನೇ ಕೊಡುವ ಒಂದು ಉತ್ತರ) ಹುಡುಕಲು ಎ·ಇ ಪವರ್ ಎಕ್ಸ್ ಅಂತ ಊಹಿಸಿದೆ. ಎಡಗಡೆ ಎಲ್ಲ ಹೊಡೆದುಹೋಗಿ ಸೊನ್ನೆ ಬಂತು. ‘ಎಕ್ಸ್‌ನಿಂದ ಗುಣಿಸು’ ಅಂತಾರೆ, ಯಾಕೆ ಅಂತ ಹೇಳಲ್ಲ. ಎಕ್ಸ್ ಯಾವಾಗ, ಎಕ್ಸ್ ಸ್ಕ್ವೇರ್ ಯಾವಾಗ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಊಹೆಗೆ ಕೈ ಹಾಕುವ ಮುಂಚೆ ಸಿ.ಎಫ್. (ಕಾಂಪ್ಲಿಮೆಂಟರಿ ಫಂಕ್ಷನ್, ಬಲಗಡೆ ಸೊನ್ನೆ ಇಟ್ಟಾಗಿನ ಪೂರ್ತಿ ಉತ್ತರ) ಬರೆದುಕೊಳ್ಳಿ. ಆಕ್ಸಿಲರಿ ಈಕ್ವೇಶನ್, ಅಂದರೆ ವೈ″, ವೈ′, ವೈ ಜಾಗದಲ್ಲಿ ಎಂ ಸ್ಕ್ವೇರ್, ಎಂ, 1 ಹಾಕಿ ಸೊನ್ನೆಗೆ ಸಮ ಮಾಡಿದ್ದು; ಅದರ ರೂಟ್‌ಗಳು 1 ಮತ್ತು 2. ಅಂದರೆ ಸಿ.ಎಫ್.ನಲ್ಲಿ ಇ ಪವರ್ ಎಕ್ಸ್ ಆಗಲೇ ಇದೆ. ಬಲಗಡೆ ಸೊನ್ನೆ ಇದ್ದಾಗ ಬರುವ ಉತ್ತರ ಅದು, ಹಾಗಾಗಿ ಅದನ್ನು ಎಷ್ಟರಿಂದ ಗುಣಿಸಿ ಹಾಕಿದರೂ ಎಡಗಡೆ ಸೊನ್ನೆಯೇ ಬರಬೇಕು, ಅಲ್ವಾ?

ಈಗ ಎಡಗಡೆಯನ್ನು (ಡಿ − 1)(ಡಿ − 2) ಅಂತ ಒಡೆಯಿರಿ. ಡಿ ಅಂದರೆ ಡಿಫರೆನ್ಶಿಯೇಟ್ ಮಾಡು ಅಂತ. ಎಕ್ಸ್·ಇ ಪವರ್ ಎಕ್ಸ್ ಮೇಲೆ ಮೊದಲು (ಡಿ − 1) ಹಾಕಿ. ಪ್ರಾಡಕ್ಟ್ ರೂಲ್‌ನಿಂದ ಎರಡು ತುಂಡು ಬರುತ್ತವೆ, ಅದರಲ್ಲಿ ಎಕ್ಸ್ ಇರುವ ತುಂಡು ಆ −1ರಿಂದ ಕಳೆದುಹೋಗಿ ಬರೀ ಇ ಪವರ್ ಎಕ್ಸ್ ಉಳಿಯುತ್ತದೆ. ನಮಗೆ ಬೇಕಾಗಿದ್ದೂ ಅದೇ! ಇನ್ನು (ಡಿ − 2) ಹಾಕಿದರೆ 1 − 2, ಅಂದರೆ −1 ಸಿಗುತ್ತದೆ. ಹಾಗಾಗಿ ಎ = −1, ಪಿ.ಐ. −ಎಕ್ಸ್·ಇ ಪವರ್ ಎಕ್ಸ್.

ಒಂದು (ಡಿ − 1) ಒಂದು ಎಕ್ಸ್ ಅನ್ನು ತಿಂದುಹಾಕುತ್ತದೆ. ರೂಟ್ 1 ಎರಡು ಸಲ ಬಂದಿದ್ದರೆ ಎರಡು ಎಕ್ಸ್ ಬೇಕು, ಆಗಲೇ ಎಕ್ಸ್ ಸ್ಕ್ವೇರ್.

ಸೈನ್, ಕಾಸ್‌ಗೂ ಇದೇ ಲೆಕ್ಕ. ವೈ″ + 4ವೈ = ಸೈನ್ 2ಎಕ್ಸ್ ತಗೊಳ್ಳಿ. ರೂಟ್‌ಗಳು ±2ಐ, ಸೈನ್ 2ಎಕ್ಸ್ ಆಗಲೇ ಸಿ.ಎಫ್.ನಲ್ಲಿದೆ. ಆದ್ದರಿಂದ ಊಹೆ ಎಕ್ಸ್(ಎ ಕಾಸ್ 2ಎಕ್ಸ್ + ಬಿ ಸೈನ್ 2ಎಕ್ಸ್). ಬಲಗಡೆ ಸೈನ್ ಒಂದೇ ಇದೆಯಲ್ಲ ಅಂತ ಕಾಸ್ ಬಿಡಬೇಡಿ, ಉತ್ತರ ಬರುವುದೇ −(ಎಕ್ಸ್/4) ಕಾಸ್ 2ಎಕ್ಸ್, ಸೈನ್ ಇಲ್ಲವೇ ಇಲ್ಲ! ಆ ಎಕ್ಸ್‌ನಿಂದಾಗಿ ಅಲೆ ಹೋಗ್ತಾ ಹೋಗ್ತಾ ದೊಡ್ಡದಾಗುತ್ತದೆ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಪ್ರತಿ ಸಲ ಇನ್ನಷ್ಟು ಮೇಲೆ ಹೋಗುತ್ತದಲ್ಲ, ಅದು ಈ ಎಕ್ಸ್. ಈ ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು.

ಜಾಸ್ತಿ ಜನ ತಪ್ಪುವುದು ಬಲಗಡೆ ಎರಡು ಪದ ಇದ್ದಾಗ. ನಿಮ್ಮ ಲೆಕ್ಕದಲ್ಲೇ ಬಲಗಡೆ ಇ ಪವರ್ ಎಕ್ಸ್ ಜೊತೆ ಎಕ್ಸ್ ಸ್ಕ್ವೇರ್ ಕೂಡ ಇದ್ದರೆ ಊಹೆಯನ್ನೆಲ್ಲ ಸುಮ್ನೆ ಎಕ್ಸ್‌ನಿಂದ ಗುಣಿಸಬೇಡಿ. ಸಿ.ಎಫ್.ಗೆ ತಾಗುವುದು ಇ ಪವರ್ ಎಕ್ಸ್ ಮಾತ್ರ, ಅದನ್ನಷ್ಟೇ ಗುಣಿಸಿ. ಎಕ್ಸ್ ಸ್ಕ್ವೇರ್‌ಗೆ ಬೇರೆಯಾಗಿ ಎಕ್ಸ್ ಸ್ಕ್ವೇರ್, ಎಕ್ಸ್, ಕಾನ್‌ಸ್ಟಂಟ್ ಮೂರೂ ಇರುವ ಊಹೆ ಬರೆಯಿರಿ.

ಬಲಗಡೆ ಟ್ಯಾನ್ ಎಕ್ಸ್ ಇದ್ದರೆ ಈ ದಾರಿ ಬಿಟ್ಟುಬಿಡಿ. ಅದನ್ನು ಡಿಫರೆನ್ಶಿಯೇಟ್ ಮಾಡಿದಷ್ಟೂ ಹೊಸ ಹೊಸ ಪದ ಹುಟ್ಟುತ್ತಲೇ ಇರುತ್ತವೆ, ಊಹೆ ಮುಗಿಯುವುದೇ ಇಲ್ಲ. ಅಲ್ಲಿ ವೇರಿಯೇಶನ್ ಆಫ್ ಪ್ಯಾರಾಮೀಟರ್ಸ್ (ಸಿ.ಎಫ್.ನ ಕಾನ್‌ಸ್ಟಂಟ್‌ಗಳ ಜಾಗದಲ್ಲಿ ಎಕ್ಸ್‌ನ ಫಂಕ್ಷನ್ ಇಟ್ಟು ಹುಡುಕುವ ದಾರಿ) ಹಿಡಿಯಬೇಕು.

ಇವತ್ತು ರಾತ್ರಿ ವೈ″ − 2ವೈ′ + ವೈ = ಇ ಪವರ್ ಎಕ್ಸ್ ಮಾಡಿ ನೋಡಿ. ಎ = 1/2 ಬರಬೇಕು.